ಅಪ್ಪನೋ ಅಮ್ಮನೋ ತೀರಿಕೊಂಡಾಗ ಮಕ್ಕಳಿಗೆ ಏನು ಹೇಳಬೇಕು?

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸ್ಮಶಾನಗಳಲ್ಲಿ ಹುಲ್ಲು ಕಿತ್ತು, ಸಮಾಧಿಗಳಿಗೆ ಸುಣ್ಣ ಬಳಿದು, ಹೂವು ಮೇಣದಬತ್ತಿ ಇಡುವ ಕೆಲಸ ಆರಂಭವಾಗುತ್ತದೆ. 2ನೇ ತಾರೀಕಿನಂದು ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ಬಲಿಪೂಜೆ ಮುಗಿದ ಮೇಲೆ ಧರ್ಮಗುರುಗಳು ಸಮಾಧಿಗಳ ಮೇಲೆ ಪವಿತ್ರ ಜಲ ಚಿಮುಕಿಸುತ್ತಾ ಸಾಗುವಾಗ ಮಕ್ಕಳು ಹಿಂದೆ ಮುಂದೆ ಓಡಾಡುತ್ತಿರುತ್ತಾರೆ. ಅವರಲ್ಲಿ ಒಂದಿಬ್ಬರು ಮಾತ್ರ ಓಡಾಡುವುದಿಲ್ಲ. ಅಪ್ಪನದೋ ಅಮ್ಮನದೋ ಸಮಾಧಿಯ ಪಕ್ಕದಲ್ಲಿ ನಿಂತಿರುತ್ತಾರೆ. ನಾವು ಅಂಥ ಮಕ್ಕಳ ತಲೆ ಸವರಿ ಮುಂದಕ್ಕೆ ಹೋಗುತ್ತೇವೆ. ಏನು ಮಾತನಾಡಬೇಕೆಂದು ತೋಚುವುದಿಲ್ಲ. ಸೆಮಿನರಿಯಲ್ಲಿ ಶವಸಂಸ್ಕಾರದ ವಿಧಿಯನ್ನು ನಮಗೆ ಚೆನ್ನಾಗಿ ಕಲಿಸಿದರು. ಐದು ವರ್ಷದ ಮಗುವಿನ ಎದುರು ಕುಳಿತು ಸಾವಿನ ಬಗ್ಗೆ ಮಾತನಾಡುವುದನ್ನು ಅಷ್ಟಾಗಿ ಕಲಿಸಲಿಲ್ಲ.

ಅದನ್ನು ನಾವು ಸ್ವಲ್ಪ ಮಟ್ಟಿಗೆ ಕಲಿತದ್ದು ಪೀರನವಾಡಿಯ ಒಂದು ಮನೆಯಲ್ಲಿ. ಕರಾವಳಿಯ ಓದುಗರಿಗೆ ಪೀರನವಾಡಿ ದೂರದ ಊರೆನಿಸಬಹುದು. ಆದರೆ ಕಾರವಾರ ಧರ್ಮಪ್ರಾಂತ್ಯ 1976ರವರೆಗೆ ಬೆಳಗಾವಿ ಧರ್ಮಪ್ರಾಂತ್ಯದ ಭಾಗವೇ ಆಗಿತ್ತು. ಕಾರವಾರದ ಧರ್ಮಾಧ್ಯಕ್ಷರಾಗಿದ್ದ ಅತಿ ವಂದನೀಯ ಡೆರೆಕ್ ಫೆರ್ನಾಂಡಿಸ್ ಅವರು 2019ರಲ್ಲಿ ಬೆಳಗಾವಿಗೆ ನೇಮಕಗೊಂಡರು. ಘಟ್ಟದ ಮೇಲೆ ಕೆಳಗೆ ಎಂಬ ಭೇದವಿಲ್ಲದೆ ನಮ್ಮ ಕುಟುಂಬಗಳು ಎರಡೂ ಕಡೆ ಹರಡಿಕೊಂಡಿವೆ. ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇವೆ.

ಆ ಮನೆಯ ಯಜಮಾನ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಒಂದು ಸಂಜೆ ಕೆಲಸ ಬಿಟ್ಟು ಬೈಕಿನಲ್ಲಿ ಮನೆಗೆ ಬರುವಾಗ ಖಾನಾಪುರ ರಸ್ತೆಯಲ್ಲಿ ಲಾರಿ ಬಡಿದು ಸ್ಥಳದಲ್ಲೇ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಹನ್ನೊಂದು ವರ್ಷದ ಮಗಳು, ಐದು ವರ್ಷದ ಮಗ, ವಯಸ್ಸಾದ ತಾಯಿ. ಆ ರಾತ್ರಿಯೇ ಹುಡುಗನನ್ನು ಖಾನಾಪುರದ ಸಂಬಂಧಿಕರ ಮನೆಗೆ ಕಳುಹಿಸಿಬಿಟ್ಟರು. ಶವಸಂಸ್ಕಾರ ಮುಗಿದು ಮೂರನೆಯ ದಿನ ವಾಪಸ್ ಕರೆತಂದರು. ಅಪ್ಪ ಎಲ್ಲಿ ಎಂದು ಕೇಳಿದಾಗ ಅಜ್ಜಿ, "ಪಪ್ಪಾ ಗೋವಾಕ್ಕ ಕೆಲಸಕ್ಕ ಹೋಗ್ಯಾರ" ಎಂದರು. ಯಾರೂ ತಿದ್ದಲಿಲ್ಲ. ಅಜ್ಜಿಯದು ಕೆಟ್ಟ ಉದ್ದೇಶವಲ್ಲ. ಮಗನನ್ನು ಕಳೆದುಕೊಂಡ ಆ ತಾಯಿಗೆ ಮೊಮ್ಮಗನ ಮುಖ ನೋಡಿ ಬೇರೇನು ಹೇಳಲು ಸಾಧ್ಯವಿತ್ತು?

ಆದರೆ ಪೀರನವಾಡಿಯಲ್ಲಿ ಈ ಸುಳ್ಳು ಬಹಳ ದುಬಾರಿಯಾಯಿತು. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಎರಡು ದಾರಿಗಳು ಅಲ್ಲೇ ಕವಲೊಡೆಯುತ್ತವೆ. ಖಾನಾಪುರ, ಲೋಂಡಾ, ಅನಮೋಡ ಘಾಟದ ಮೇಲೆ ಒಂದು. ಜಾಂಬೋಟಿ, ಚೋರ್ಲಾ ಘಾಟದ ಮೇಲೆ ಇನ್ನೊಂದು. ಗೋವಾದಿಂದ ಬರುವ ಬಸ್ಸುಗಳನ್ನು ನೋಡುತ್ತಾ ಹುಡುಗ ಪ್ರತಿ ಸಂಜೆ ರಸ್ತೆ ಬದಿಯಲ್ಲಿ ನಿಲ್ಲತೊಡಗಿದ. ಮನೆಯಲ್ಲಿ ಅಪ್ಪನ ಫೋಟೋಕ್ಕೆ ಹೂವಿನ ಹಾರ ಇದೆ, ಅಮ್ಮ ಅಳುತ್ತಾಳೆ, ಜಪಸರ ಪ್ರಾರ್ಥನೆಗೆ ಜನ ಬರುತ್ತಾರೆ, ಆದರೆ ಅಪ್ಪ ಗೋವಾದಲ್ಲಿದ್ದಾರೆ. ಇದನ್ನೆಲ್ಲ ಆ ಮಗು ಹೇಗೆ ಜೋಡಿಸಿಕೊಂಡಿತೋ ತಿಳಿಯದು. ಎರಡು ತಿಂಗಳ ಬಳಿಕ ನಿಜವಾಗಿಯೂ ಗೋವಾದಲ್ಲಿ ಕೆಲಸ ಮಾಡುವ ಮಾವ ಬಂದಾಗ ಹುಡುಗ ಅವರನ್ನು ಎರಡೂ ಕೈಗಳಿಂದ ಹೊಡೆದ. "ನೀವು ಬಂದ್ರಿ, ಪಪ್ಪಾನ್ನ ಯಾಕ ಕರಕೊಂಡು ಬರಲಿಲ್ಲ?"

ಅಂದು ರಾತ್ರಿ ತಾಯಿ ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ಅವರ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ನಾವು ಬರೆದಿಟ್ಟುಕೊಂಡಿದ್ದೇವೆ: "ಪಪ್ಪಾ ಗೋವಾಕ್ಕ ಹೋಗಿಲ್ಲ. ನಾವು ನಿನಗ ಸುಳ್ಳು ಹೇಳಿದ್ವಿ, ತಪ್ಪಾತು. ಪಪ್ಪಾಗ ಲಾರಿ ಬಡಿದು ಅವರು ಸತ್ತು ಹೋದ್ರು. ಅವರ ಮೈ ಈಗ ಕೆಲಸ ಮಾಡಂಗಿಲ್ಲ. ಅವರಿಗೆ ನೋವಿಲ್ಲ, ಹಸಿವಿಲ್ಲ. ಅವರು ವಾಪಸ್ ಬರೂದಿಲ್ಲ." ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನನ್ನ ಶಾಲಿಗೆ ಯಾರು ಬಿಡ್ತಾರ?" ಎಂದು ಕೇಳಿದ. ಪಕ್ಕದಲ್ಲಿದ್ದ ಹೆಂಗಸರೊಬ್ಬರು, ಎಂಥಾ ಮಗುವಪ್ಪಾ, ಅಪ್ಪ ಸತ್ತ ಸುದ್ದಿಗೆ ಶಾಲೆಯ ಚಿಂತೆ ಎಂದರಂತೆ. ನಮಗೆ ಅನಿಸುವಂತೆ ಆ ಮನೆಯಲ್ಲಿ ಅಷ್ಟು ದಿನಗಳಲ್ಲಿ ಕೇಳಲಾದ ಅತ್ಯಂತ ಸರಿಯಾದ ಪ್ರಶ್ನೆ ಅದೇ. ತಂದೆ ಅಥವಾ ತಾಯಿ ಸತ್ತಾಗ ಚಿಕ್ಕ ಮಕ್ಕಳ ಮನಸ್ಸಿನಲ್ಲಿ ಮೂರು ಭಯಗಳಿರುತ್ತವೆ: ಇದು ನನ್ನಿಂದ ಆಯಿತೇ? ಉಳಿದವರೂ ಸಾಯುತ್ತಾರೆಯೇ? ಇನ್ನು ನನ್ನನ್ನು ನೋಡಿಕೊಳ್ಳುವವರು ಯಾರು? ಶಾಲೆಗೆ ಯಾರು ಬಿಡುತ್ತಾರೆ ಎಂಬುದು ಮೂರನೆಯ ಪ್ರಶ್ನೆ. "ನಾನು ಬಿಡ್ತೀನಿ, ನನಗ ಆಗದಿದ್ದ ದಿನ ಮಾವ ಬಿಡ್ತಾರ" ಎಂದು ತಾಯಿ ಉತ್ತರ ಕೊಟ್ಟರು. ಹುಡುಗ ಮಲಗಿದ.

ಐದು ವರ್ಷದ ಮಗುವಿಗೆ 'ಸತ್ತು ಹೋದರು' ಎಂಬ ಮಾತು ಕಠೋರವಲ್ಲವೇ ಎಂದು ಹಲವರು ಕೇಳುತ್ತಾರೆ. ಹಂಗೆರಿಯ ಮರಿಯಾ ನಾಜ್ ಎಂಬ ಮನಶ್ಶಾಸ್ತ್ರಜ್ಞೆ ಬುಡಾಪೆಸ್ಟ್ ಪರಿಸರದ ಮಕ್ಕಳೊಂದಿಗೆ ನಡೆಸಿದ ಅಧ್ಯಯನವನ್ನು 1948ರಲ್ಲಿ ಪ್ರಕಟಿಸಿದರು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಸಾವನ್ನು ಹೋಗಿ ಬರುವ ಪ್ರಯಾಣದಂತೆ, ನಿದ್ರೆಯಂತೆ ತಿಳಿಯುತ್ತಾರೆ. ಸಾವು ಎಲ್ಲರಿಗೂ ಬರುತ್ತದೆ, ಬಂದರೆ ಹಿಂತಿರುಗುವುದಿಲ್ಲ ಎಂಬುದು ಒಂಬತ್ತು ವರ್ಷದ ಸುಮಾರಿಗೆ ಗಟ್ಟಿಯಾಗುತ್ತದೆ ಎಂದು ಅವರು ಕಂಡುಕೊಂಡರು. ಇಂದಿನ ಮಕ್ಕಳು ಇದನ್ನು ಇನ್ನೂ ಬೇಗ ಗ್ರಹಿಸುತ್ತಾರೆ ಎನ್ನುವವರೂ ಇದ್ದಾರೆ. ಹೇಗಿದ್ದರೂ, ಸಾವನ್ನು ಪ್ರಯಾಣವೆಂದು ಮೊದಲೇ ತಿಳಿದಿರುವ ಮಗುವಿಗೆ ನಾವು 'ಊರಿಗೆ ಹೋಗಿದ್ದಾರೆ', 'ನಿದ್ದೆ ಮಾಡುತ್ತಿದ್ದಾರೆ' ಎಂದರೆ ಆ ತಪ್ಪು ತಿಳಿವಳಿಕೆಗೆ ನಾವೇ ನೀರೆರೆದಂತೆ. ಅಪ್ಪ ನಿದ್ದೆಯಲ್ಲಿದ್ದಾರೆ ಎಂದು ಹೇಳಿಸಿಕೊಂಡ ಮಗು ರಾತ್ರಿ ಮಲಗಲು ಹೆದರುವುದನ್ನು ನಾವು ಕಂಡಿದ್ದೇವೆ.

ಇನ್ನು ನಮ್ಮ ಕಡೆಯ ತಪ್ಪು. 'ದೇವರಿಗೆ ಒಳ್ಳೆಯವರು ಬೇಕು, ಅದಕ್ಕೇ ಬೇಗ ಕರೆದುಕೊಂಡ' ಎಂಬ ಮಾತನ್ನು ಎಷ್ಟು ಪ್ರಬೋಧನೆಗಳಲ್ಲಿ ನಾವೇ ಹೇಳಿದ್ದೇವೋ ಲೆಕ್ಕವಿಲ್ಲ. ಮಗು ಅದನ್ನು ಕೇಳಿಸಿಕೊಂಡು ಎರಡು ತೀರ್ಮಾನಗಳಿಗೆ ಬರಬಹುದು. ಒಂದು, ನನ್ನ ಅಪ್ಪನನ್ನು ಕಸಿದುಕೊಂಡವನು ದೇವರು. ಎರಡು, ನಾನು ಒಳ್ಳೆಯವನಾದರೆ ನನ್ನನ್ನೂ ಕರೆದುಕೊಳ್ಳುತ್ತಾನೆ. ಪುನರುತ್ಥಾನದ ನಂಬಿಕೆಯನ್ನು ಮಗುವಿಗೆ ಹೇಳಬಾರದು ಎಂದು ಇದರ ಅರ್ಥವಲ್ಲ. ಕ್ರಮ ಮುಖ್ಯ. ಮೊದಲು ಸಾವು ಸಾವೆಂದು ತಿಳಿಯಬೇಕು. ಆಮೇಲೆ, ದೇವರು ಅಪ್ಪನನ್ನು ಕೈಬಿಟ್ಟಿಲ್ಲ, ನಾವು ಅವರಿಗಾಗಿ ಪ್ರಾರ್ಥಿಸಬಹುದು, ಒಂದು ದಿನ ಮತ್ತೆ ಕಾಣುತ್ತೇವೆ ಎಂದು ಹೇಳಬೇಕು. 2015ರ ಜೂನ್ 17ರ ಸಾರ್ವಜನಿಕ ಭೇಟಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಕುಟುಂಬದಲ್ಲಿನ ಸಾವಿನ ಬಗ್ಗೆಯೇ ಮಾತನಾಡಿದ್ದರು. ಸ್ವರ್ಗದಲ್ಲಿದ್ದಾರೆ ಎಂದು ಹೇಳಿದರೂ, ಹಾಗಾದರೆ ನನಗೇಕೆ ಕಾಣುವುದಿಲ್ಲ ಎಂದು ಕೇಳುವ ಮಗುವಿನ ಸಂಕಟ ಅವರ ಮಾತಿನಲ್ಲಿಯೂ ಬಂದಿತ್ತು. ಲಾಜರನ ಸಮಾಧಿಯ ಮುಂದೆ ಯೇಸು ಅತ್ತರು ಎಂದು ಸಂತ ಯೊವಾನ್ನರು ಬರೆದಿದ್ದಾರೆ. ಇನ್ನು ಕೆಲವೇ ಕ್ಷಣಗಳಲ್ಲಿ ಆತನನ್ನು ಎಬ್ಬಿಸಲಿರುವವರು ಅತ್ತರು ಎಂದ ಮೇಲೆ, ನಂಬಿಕೆ ಇದ್ದವರು ಅಳಬಾರದು ಎಂದು ಹೇಳುವ ಅಧಿಕಾರ ನಮಗೆಲ್ಲಿದೆ?

ಮಗುವಿನ ದುಃಖ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ನಮ್ಮ ಧರ್ಮಸಭೆಯಲ್ಲೇ ಒಂದು ಸಾಕ್ಷಿ ಇದೆ. 'ಪುಟ್ಟ ಪುಷ್ಪ' ಎಂದು ನಾವು ಕರೆಯುವ ಲಿಸಿಯೋದ ಸಂತ ತೆರೇಜಾ ತಾಯಿಯನ್ನು ಕಳೆದುಕೊಂಡಾಗ ಆಕೆಗೆ ನಾಲ್ಕೂವರೆ ವರ್ಷ. ತಾಯಿ ಜೆಲಿ ಮಾರ್ಟಿನ್ 1877ರ ಆಗಸ್ಟ್ 28ರಂದು ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ತಂದೆ ಲೂಯಿ ಐದು ಹೆಣ್ಣುಮಕ್ಕಳೊಂದಿಗೆ ಉಳಿದರು. ಮನೆಯವರೆಲ್ಲ ಓಡಾಟದಲ್ಲಿದ್ದರು, ಮಗುವಿನ ಕಡೆ ಯಾರ ಗಮನವೂ ಇರಲಿಲ್ಲ. ಮರೆಮಾಡಬೇಕೆಂದಿದ್ದ ಎಷ್ಟೋ ಸಂಗತಿಗಳನ್ನು ಆ ಮಗು ಕಂಡಿತು. ನಡುಮನೆಯ ದಾರಿಯಲ್ಲಿ ನಿಲ್ಲಿಸಿದ್ದ ಶವಪೆಟ್ಟಿಗೆಯ ಮುಂದೆ ಒಬ್ಬಳೇ ಬಹಳ ಹೊತ್ತು ನಿಂತಿತ್ತು. ಹೆಚ್ಚು ಅಳಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ದೊಡ್ಡವರು ನೋಡಿದ್ದರೆ 'ಚಿಕ್ಕದು, ಅದಕ್ಕೇನು ತಿಳಿಯುತ್ತದೆ' ಎನ್ನುತ್ತಿದ್ದರು. ಆದರೆ ಅಲ್ಲಿಯವರೆಗೆ ಚೂಟಿಯಾಗಿದ್ದ ಮಗು ಅಂದಿನಿಂದ ನಾಚಿಕೆಯ, ಒಂದು ನೋಟಕ್ಕೂ ಕಣ್ಣೀರು ಸುರಿಸುವ ಮಗುವಾಯಿತು ಎಂದು ಸಂತ ತೆರೇಜಾ ತಮ್ಮ ಆತ್ಮಕಥನದಲ್ಲಿ ತಾವೇ ದಾಖಲಿಸಿದ್ದಾರೆ. ಅಕ್ಕ ಪೌಲಿನ್‌ಳನ್ನು ಎರಡನೆಯ ತಾಯಿಯಾಗಿ ಆರಿಸಿಕೊಂಡಳು. 1882ರ ಅಕ್ಟೋಬರಿನಲ್ಲಿ ಪೌಲಿನ್ ಕಾರ್ಮೆಲ್ ಮಠ ಸೇರಿದಳು. ಆ ಸುದ್ದಿಯನ್ನೂ ತೆರೇಜಾ ಬೇರೆಯವರ ಮಾತಿನ ನಡುವೆ ಕದ್ದು ಕೇಳಿಸಿಕೊಂಡೇ ತಿಳಿಯಬೇಕಾಯಿತು. ಮುಂದಿನ ವರ್ಷವೇ ಆಕೆ ತೀವ್ರ ಕಾಯಿಲೆ ಬಿದ್ದಳು. ಕಳೆದುಕೊಂಡ ಮನಸ್ಸಿನ ಬಲ ಮತ್ತೆ ಸಿಕ್ಕಿದ್ದು 1886ರ ಕ್ರಿಸ್ಮಸ್ ರಾತ್ರಿ ಎಂದು ಆಕೆಯೇ ಹೇಳುತ್ತಾರೆ. ಅಂದರೆ ಒಂಬತ್ತು ವರ್ಷಗಳಿಗೂ ಹೆಚ್ಚು. ತಂದೆಯೂ ತಾಯಿಯೂ 2015ರಲ್ಲಿ ಸಂತ ಪದವಿ ಪಡೆದ ಮನೆಯಲ್ಲೇ ಹೀಗಾದರೆ ಉಳಿದ ಮನೆಗಳ ಮಾತೇನು? ನಾವು ಮಾತ್ರ ತಿಂಗಳ ಪೂಜೆ ಮುಗಿದ ಕೂಡಲೇ ಮಕ್ಕಳು ಸರಿಹೋಗಿದ್ದಾರೆ ಎಂದುಕೊಳ್ಳುತ್ತೇವೆ.

ಲೂಯಿ ಮಾರ್ಟಿನ್ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಮಕ್ಕಳನ್ನು ಸಂಬಂಧಿಕರ ನಡುವೆ ಹಂಚಲಿಲ್ಲ. ತಮ್ಮ ಸ್ನೇಹಿತರು, ಪರಿಚಿತ ಊರು ಎಲ್ಲವನ್ನೂ ಬಿಟ್ಟು, ಮಕ್ಕಳ ಸೋದರಮಾವನ ಕುಟುಂಬದ ಹತ್ತಿರ ಇರಲೆಂದು ಅಲಾನ್ಸೋನ್‌ನಿಂದ ಲಿಸಿಯೋಗೆ ಎಲ್ಲರನ್ನೂ ಒಟ್ಟಿಗೆ ಕರೆದೊಯ್ದರು. ನಮ್ಮಲ್ಲಿ ಹೆಂಡತಿ ತೀರಿಕೊಂಡ ಗಂಡಸಿಗೆ ಸಿಗುವ ಮೊದಲ ಸಲಹೆ ಮಕ್ಕಳನ್ನು ಬೋರ್ಡಿಂಗಿಗೆ ಹಾಕಿ ಎಂಬುದು; ಎರಡನೆಯದು, ವರ್ಷ ತುಂಬುವುದರೊಳಗೆ ಮರುಮದುವೆ. ಸಲಹೆ ಕೊಡುವವರಲ್ಲಿ ನಮ್ಮ ಧರ್ಮಗುರುಗಳೂ ಧರ್ಮಭಗಿನಿಯರೂ ಇರುತ್ತೇವೆ. ಬೇರೆ ದಾರಿಯೇ ಇಲ್ಲದಾಗ ಬೋರ್ಡಿಂಗ್ ಆಸರೆಯೇ ಸರಿ. ಆದರೆ ತಾಯಿಯನ್ನು ಕಳೆದುಕೊಂಡ ಮಗು ಅದೇ ವರ್ಷ ಅಪ್ಪ, ಮನೆ, ಶಾಲೆ, ಜೊತೆಗಾರರು ಎಲ್ಲರನ್ನೂ ಕಳೆದುಕೊಳ್ಳಬೇಕೇ? ಸಾಧ್ಯವಿದ್ದಲ್ಲಿ ಮೊದಲ ಒಂದು ವರ್ಷ ಅದೇ ಮನೆ, ಅದೇ ಶಾಲೆ, ಅದೇ ಊಟದ ಹೊತ್ತು ಇರಲಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೂಡಲೇ ಆಸ್ಟ್ರೇಲಿಯಾಕ್ಕೆ ಮರಳಲಿಲ್ಲ. ಹದಿಮೂರು ವರ್ಷದ ಮಗಳು ಎಸ್ತರ್ ಅವರ ಜೊತೆಗಿದ್ದಳು. 2004ರವರೆಗೂ ಭಾರತದಲ್ಲೇ ಉಳಿದು ಬಾರಿಪದಾದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅವರ ಕ್ಷಮೆಯ ಬಗ್ಗೆ ನಾವು ಬೇಕಾದಷ್ಟು ಪ್ರಬೋಧನೆ ಮಾಡಿದ್ದೇವೆ. ಮಗಳಿಗೆ ಪರಿಚಿತವಾದ ನಾಡನ್ನು ಕೂಡಲೇ ಬಿಡಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಶವವನ್ನು ಮಕ್ಕಳಿಗೆ ತೋರಿಸಬೇಕೇ? ಮಗುವನ್ನೇ ಕೇಳಿ ಎಂಬುದು ನಮ್ಮ ಉತ್ತರ. ಅಲ್ಲಿ ಏನಿರುತ್ತದೆ, ಜನ ಹೇಗೆ ಅಳುತ್ತಾರೆ, ಪೆಟ್ಟಿಗೆಯನ್ನು ಮಣ್ಣಿಗೆ ಹೇಗೆ ಇಳಿಸುತ್ತಾರೆ ಎಂದು ಮುಂಚೆಯೇ ತಿಳಿಸಿ, ಬರುತ್ತೀಯಾ ಎಂದು ಕೇಳಬೇಕು. ಬಂದರೆ ಕೈ ಹಿಡಿದುಕೊಳ್ಳಲು ಒಬ್ಬರು ಬೇಕು. ಸಾಕೆನಿಸಿದಾಗ ಹೊರಗೆ ಕರೆದೊಯ್ಯಲು ಅವರು ಸಿದ್ಧರಿರಬೇಕು. ಬೇಡವೆಂದರೆ ಬಲವಂತ ಬೇಡ. 2010ರ ಮೇ 22ರಂದು ಮಂಗಳೂರು ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗ ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಮುಖ ನೋಡುವ ಅವಕಾಶವೇ ಇರಲಿಲ್ಲ. ಕೆಲವು ಶವಗಳ ಗುರುತಿಗೆ ಡಿಎನ್ಎ ಪರೀಕ್ಷೆ ಬೇಕಾಯಿತು. ಕೋವಿಡ್ ಕಾಲದಲ್ಲೂ ಹಾಗೆಯೇ ಆಯಿತು. ಅಂಥ ಮಕ್ಕಳಿಗೆ ಸಮಾಧಿಯೋ, ಅಪ್ಪನ ವಾಚೋ, ಅಮ್ಮನ ಜಪಸರವೋ, ಕೈಗೆ ಸಿಗುವ ಒಂದು ವಸ್ತು ಬೇಕೇ ಬೇಕು. ಸತ್ತವರ ಬಟ್ಟೆಬರೆಗಳನ್ನು ಬೇಗ ಬೇಗ ದಾನ ಮಾಡಿ ಮನೆ ಖಾಲಿ ಮಾಡುವವರು ಮೊದಲು ಮಕ್ಕಳನ್ನು ಕೇಳಲಿ.

ಆತ್ಮಹತ್ಯೆಯಿಂದ ಸಾವು ಸಂಭವಿಸಿದ್ದರೂ ಮಗುವಿಗೆ ಸುಳ್ಳು ಹೇಳಬಾರದು. ಶಾಲೆಯಲ್ಲಿ ಬೇರೆ ಮಕ್ಕಳು ಹೇಳಿಯೇ ಹೇಳುತ್ತಾರೆ. ಅಪ್ಪನ ಮನಸ್ಸಿಗೆ ಬಹಳ ದೊಡ್ಡ ಕಾಯಿಲೆಯಾಗಿತ್ತು, ಅದರಿಂದ ಹೀಗಾಯಿತು, ನಿನ್ನಿಂದಲ್ಲ ಎಂದು ವಯಸ್ಸಿಗೆ ತಕ್ಕಷ್ಟು ಹೇಳಿದರೆ ಸಾಕು. ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ.

ಅಮೆರಿಕದ ಬಾಸ್ಟನ್ ಪರಿಸರದಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಎಂಬ ಸಂಶೋಧಕರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದರು. ಹೆಚ್ಚಿನ ಮಕ್ಕಳು ಗಂಭೀರ ತೊಂದರೆಗೆ ಸಿಲುಕಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಕೆಲವರ ತೊಂದರೆಗಳು ಮೊದಲ ವರ್ಷಕ್ಕಿಂತ ಎರಡನೆಯ ವರ್ಷದಲ್ಲೇ ಎದ್ದು ಕಂಡವು. ಮಗು ಹೇಗಿರುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಉಳಿದ ತಂದೆ ಅಥವಾ ತಾಯಿಯ ಸ್ಥಿತಿ. ನಾವು ಮಗುವಿಗೆ ಚಾಕಲೇಟ್, ಪುಸ್ತಕ, ಬಟ್ಟೆ ಕೊಡಿಸುವುದು ಒಳ್ಳೆಯದೇ. ಆದರೆ ಮಗುವಿಗೆ ನಿಜವಾದ ಸಹಾಯವೆಂದರೆ ಅದರ ತಾಯಿಗೆ ರಾತ್ರಿ ನಿದ್ದೆ ಬರುವಂತೆ ಮಾಡುವುದು.

ತಾಯಿಯ ನಿದ್ದೆ ಕೆಡಿಸುವ ಕೆಲವು ಸಂಗತಿಗಳಿಗೆ ನಮ್ಮ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೂ ವಾಳೆಯ ಗುರಿಕಾರರೂ ಕೈಜೋಡಿಸಬಹುದು. ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. ನಲವತ್ತನೆಯ ದಿನ ಕಳೆಯಲಿ, ವರ್ಷ ಕಳೆಯಲಿ ಎಂದು ಕಾಯಬಾರದು. ಮೃತರಿಗೆ ಇಎಸ್ಐ ಇದ್ದಲ್ಲಿ, ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತಕ್ಕೂ ಅವಲಂಬಿತರಿಗೆ ಸೌಲಭ್ಯವಿದೆ. ಭವಿಷ್ಯ ನಿಧಿ ಇದ್ದರೆ ವಿಧವೆಗೆ ಪಿಂಚಣಿ, ಜೊತೆಗೆ ಇಬ್ಬರು ಮಕ್ಕಳವರೆಗೆ ಇಪ್ಪತ್ತೈದು ವರ್ಷ ತುಂಬುವ ತನಕ ಮಕ್ಕಳ ಪಿಂಚಣಿ ಸಿಗುತ್ತದೆ. ಆದಾಯ ಕಡಿಮೆ ಇರುವ ವಿಧವೆಯ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಮಗು ಅಥವಾ ತಾಯಿ ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ, ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು. ಬೆಳಗಾವಿ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮಕ್ಕಳ ಸಹಾಯವಾಣಿ 1098.

ಪೀರನವಾಡಿಯ ಮನೆಗೆ ಮರಳೋಣ. ಎಲ್ಲರ ಕಣ್ಣು ಹುಡುಗನ ಮೇಲಿತ್ತು. ಹನ್ನೊಂದು ವರ್ಷದ ಅಕ್ಕ ಅಳಲಿಲ್ಲ, ಹಟ ಮಾಡಲಿಲ್ಲ. ಅಡುಗೆ ಕಲಿತಳು, ತಮ್ಮನನ್ನು ಸ್ನಾನ ಮಾಡಿಸಿದಳು, ಅಜ್ಜಿಗೆ ಮಾತ್ರೆ ಕೊಟ್ಟಳು. ಶವಸಂಸ್ಕಾರದ ದಿನ ಯಾರೋ, "ಇನ್ಮ್ಯಾಲೆ ನೀನ ತಮ್ಮಗ ಅವ್ವ, ಅಳಬಾರದು" ಎಂದಿದ್ದರಂತೆ. ಎಂಥಾ ಜಾಣೆ ಎಂದು ನಾವೂ ಹೊಗಳಿದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಹದಿನಾಲ್ಕು ತಿಂಗಳ ಬಳಿಕ ಆಕೆಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ವೈದ್ಯರಿಗೆ ಏನೂ ಸಿಗಲಿಲ್ಲ. ಶಾಲೆಯಲ್ಲಿ ಚಿತ್ರ ಬರೆಯುವ ಚಾರ್ಟ್ ಹಾಳೆ ತರಲು ಹೇಳಿದ ದಿನ ತರಗತಿಯಲ್ಲೇ ಕುಸಿದು ಕುಳಿತಳು.

ಅಂದು ರಾತ್ರಿ ತಾಯಿಗೆ ಹೇಳಿದಳು. ಅಪಘಾತದ ದಿನ ಬೆಳಿಗ್ಗೆ ಆಕೆ ಅಪ್ಪನಿಗೆ ಚಾರ್ಟ್ ಹಾಳೆ ತರಲು ಹೇಳಿದ್ದಳು. ಅದನ್ನು ಕೊಳ್ಳಲು ಅಂಗಡಿಯ ಕಡೆ ತಿರುಗಿದ್ದಕ್ಕೇ ಅಪ್ಪನಿಗೆ ಲಾರಿ ಬಡಿಯಿತು ಎಂದು ಹದಿನಾಲ್ಕು ತಿಂಗಳು ನಂಬಿದ್ದಳು. ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಆಕೆ ಅಳಬಾರದಾಗಿತ್ತು.

ತಾಯಿ ಮರುದಿನ ಮಗಳನ್ನು ಕರೆದುಕೊಂಡು ಆ ರಸ್ತೆಯಲ್ಲಿ ನಡೆದರು. ಅಪಘಾತವಾದದ್ದು ಫೌಂಡ್ರಿಯ ಹತ್ತಿರ, ಅಂಗಡಿ ಇರುವುದು ಎಷ್ಟೋ ಈಚೆಗೆ, ಪೀರನವಾಡಿಯಲ್ಲಿ. ಅಪ್ಪ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ಅತ್ತರಂತೆ. ಹೊಟ್ಟೆನೋವು ಅಂದೇ ಹೋಗಲಿಲ್ಲ, ಇನ್ನೂ ಕೆಲವು ತಿಂಗಳು ಇತ್ತು.

ಇದಾದ ಮೇಲೆ ನಾವು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇವೆ. ತಂದೆ ಅಥವಾ ತಾಯಿ ತೀರಿಕೊಂಡ ಮಕ್ಕಳ ಹೆಸರು, ಅವರ ಹುಟ್ಟುಹಬ್ಬ, ಮೃತರ ಹುಟ್ಟುಹಬ್ಬ, ಪ್ರಥಮ ಪರಮ ಪ್ರಸಾದದ ದಿನ, ಜೂನ್‌ನಲ್ಲಿ ಶಾಲೆ ತೆರೆಯುವ ದಿನ ಅದರಲ್ಲಿವೆ. ಎರಡನೆಯ ವರ್ಷದ ಪುಟವನ್ನು ಮೊದಲ ವರ್ಷದ್ದಕ್ಕಿಂತ ದೊಡ್ಡದಾಗಿ ಬಿಟ್ಟಿದ್ದೇವೆ. ಗುರಿಕಾರರೂ ಧರ್ಮೋಪದೇಶದ ಶಿಕ್ಷಕರೂ ಇಂಥದ್ದೊಂದು ಇಟ್ಟುಕೊಂಡರೆ ಒಳ್ಳೆಯದು. ಆ ದಿನಗಳಂದು ಮನೆಗೆ ಹೋದಾಗ ಸತ್ತವರ ಹೆಸರನ್ನು ಮಕ್ಕಳ ಮುಂದೆ ಎತ್ತಲು ಹೆದರಬೇಡಿ. ಪೀರನವಾಡಿಯ ಹುಡುಗ ಈಗ ಎರಡನೆಯ ತರಗತಿಯಲ್ಲಿದ್ದಾನೆ. ಮೊನ್ನೆ ಹೋದಾಗ, "ಫಾದರ್, ನಮ್ಮ ಪಪ್ಪಾ ನಿಮಗ ಗೊತ್ತಿದ್ರ?" ಎಂದು ಕೇಳಿದ. ಗೊತ್ತಿದ್ದರು ಎಂದೆವು. "ಹಂಗಾದ್ರ ಹೇಳ್ರಿ" ಎಂದು ಎದುರು ಕುಳಿತ. ನಾವು ಮುಕ್ಕಾಲು ಗಂಟೆ ಹೇಳಿದೆವು.